ಮಾಗಡಿಯಲ್ಲಿ ಇಳಿದ ಗಾಳಿಬ್ರೇಕು

ಇದು ಖರೆ ಕತೆ. ಸುಳ್ಳು ಹೇಳುವುದೇ ಆಗಿದ್ದರೆ ಇದಕ್ಕಿಂತ ಸಲೀಸಾಗಿ ನಂಬುವಂಥದ್ದನ್ನು ಹೇಳುತ್ತಿದ್ದೆ.

"ಒಂದ್ ಚರಗಿ ನೀರ ಸಿಗತಾವೇನ್ರಿ?"

ಪತ್ತೇದಾರ ಪ್ರಹ್ಲಾದಾಚಾರ್ಯರು ಗದಗ ಸೀಮೆಯ ಮಾಗಡಿ ಕೆರೆಯ ದಂಡೆಯ ಒಂಟಿ ಮನೆಯೊಂದರ ಅಂಗಳದಲ್ಲಿ ನಿಂತು ಕೇಳಿದರು. ಹಗ್ಗದ ಹೊರಸಿನ ಮೇಲೆ ಕೂತಿದ್ದ ರೈತ ಗೌಸಸಾಬ ಎದ್ದು ನಿಂತ. ಬಿಳಿ ಗಡ್ಡ, ತಲೆಗೆ ಟೊಪ್ಪಿಗೆ, ಹೆಗಲಿಗೆ ಟವೆಲ್ಲು.

"ಕುಂಡ್ರಿ, ತರ್ತೀನಿ," ಎಂದ.

ಎಂದ ಅನ್ನುವುದಕ್ಕಿಂತ ಉಸಿರಿದ ಅನ್ನಬೇಕು. ಮಟಮಟ ಮಧ್ಯಾಹ್ನ, ಸ್ವಂತ ಮನೆ, ಸುತ್ತ ನರಪಿಳ್ಳೆ ಇಲ್ಲ. ಆದರೂ ಮನುಷ್ಯ ಪಿಸುಗುಡುತ್ತಿದ್ದಾನೆ.

ಆಚಾರ್ಯರು ನೀರು ಕುಡಿದರು. ಆಕಾಶದಿಂದ ಏನಾದರೂ ಬಿತ್ತೇ ಎಂದು ಕೇಳಲಿಲ್ಲ. "ನೀರ ಛಲೋ ಅದಾವ್ರಿ," ಎಂದು ಹೊಗಳಿ, ಕೈಮುಗಿದು ಹೊರಟೇಬಿಟ್ಟರು.

ಜಾಲಿಗಿಡದ ನೆರಳಿನಲ್ಲಿ ನಿಂತಿದ್ದ ಅವರ ಹಳೇ ವ್ಯಾನಿನಲ್ಲಿ ಇಬ್ಬರು ಮುಖ ತಿರುಗಿಸಿಕೊಂಡು ಕೂತಿದ್ದರು. ಒಬ್ಬಳು ಯಾಸ್ಮೀನ: ಬೆಟಗೇರಿಯ ಹುಡುಗಿ, ಗದಗಿನ ಕಾಲೇಜೊಂದರಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷ, ಆಚಾರ್ಯರ ಕಕ್ಷಿದಾರಳು. ಕಕ್ಷೆ ಸೇರಬೇಕಾದದ್ದು ಅವಳ ಪ್ರಯೋಗ; ಸದ್ಯಕ್ಕೆ ಕಕ್ಷಿದಾರಳೇ ಊರೂರು ಸುತ್ತುತ್ತಿದ್ದಳು. ಇನ್ನೊಬ್ಬ ವಿಶ್ರುತ: ಅವಳದೇ ತರಗತಿ, ಅವಳ ಎದುರಾಳಿ, ಈವರೆಗಿನ ಏಕೈಕ ಶಂಕಿತ. ಶಂಕಿತ ಕಣ್ಣ ಮುಂದೆಯೇ ಇರಲಿ ಎಂದು ಆಚಾರ್ಯರೇ ಅವನನ್ನು ಹತ್ತಿಸಿಕೊಂಡು ಬಂದಿದ್ದರು.

ಸಂಗತಿ ಇಷ್ಟು: ಬಲೂನಿನಲ್ಲಿ ಆಕಾಶಕ್ಕೇರಿಸಿದ್ದ ಯಾಸ್ಮೀನಳ ಪೆಟ್ಟಿಗೆ ಶುಕ್ರವಾರ ಮಾಗಡಿ ಕಡೆ ಇಳಿದು, ಜಿಪಿಎಸ್ಸಿನಲ್ಲಿ ಕೊನೆಗೆ ಈ ದಂಡೆಯನ್ನು ತೋರಿಸಿ ಮಾಯವಾಗಿದೆ. ನಾಳೆ, ಸೋಮವಾರ ಮುಂಜಾನೆ ವಿಜ್ಞಾನಿಗಳ ಸಮಿತಿಯೊಂದು ಒಂದೇ ಒಂದು ವಿದ್ಯಾರ್ಥಿ ಪ್ರಯೋಗವನ್ನು ರಾಕೆಟ್ಟಿಗೆ ಆರಿಸಲಿದೆ. ಪೆಟ್ಟಿಗೆಯೊಳಗಿನ ಮೆಮೊರಿ ಕಾರ್ಡು ಸಿಕ್ಕರೆ ಯಾಸ್ಮೀನ, ಸಿಗದಿದ್ದರೆ ವಿಶ್ರುತ.

"ಏನಂದ್ರಿ ಸರ್ ಅವರು?" ಯಾಸ್ಮೀನ ಅರ್ಧ ಎದ್ದಳು.

"ನೀರ ಕುಡದ್ನಿ."

"ಅಷ್ಟಽ?"

"ಅಷ್ಟಽ."

ವಿಶ್ರುತ ಹಣೆ ಬಡಿದುಕೊಂಡ. "ನೇರ ಕೇಳಿಬಿಡ್ರಿ ಸರ್. ನೀವು ಹಿಂಗಽ ನೀರ ಕುಡಕೋತ ಹೋದ್ರ ನಾಳಿ ನಾನಽ ಗೆಲ್ತೀನಿ."

"ಅದಕ್ಕಽ ತಣ್ಣಗ ಕುಂತಿ ನೀ," ಯಾಸ್ಮೀನ ಸಿಡಿದಳು. "ನನ್ನ ಪೆಟಿಗಿ ನಿನ್ನ ಹಾಸ್ಟೆಲ್ ಮಂಚದ ಬುಡಕ ಐತಿ. ನಂಗೊತ್ತು."

"ನನ್ನ ಮಂಚದ ಬುಡಕ ಇಲಿಗೂ ಜಾಗಾ ಇಲ್ಲ ತಾಯಿ! ಬಂದು ನೋಡು."

"ಆತು, ಆತು," ಆಚಾರ್ಯರು ಇಬ್ಬರ ನಡುವೆ ಕೈಯಿಟ್ಟರು. "ಯಾಸ್ಮೀನವ್ವ, ನೀ ಇನ್ನೊಮ್ಮೆ ಹೇಳು. ಈ ಗಾಳಿಬ್ರೇಕ್ ಅಂದ್ರ ಏನು? ಇಂಜಿನಿಯರಿಗೆ ಹೇಳಿದಂಗ ಬ್ಯಾಡ. ನನಗ ಹೇಳಿದಂಗ ಹೇಳು."

ಯಾಸ್ಮೀನಳ ಸಿಟ್ಟು ಆ ಪ್ರಶ್ನೆಗೆ ಇಳಿಯಿತು. ಈ ವಿಷಯ ಬಂದರೆ ಅವಳು ಊಟವನ್ನೂ ಮರೆಯುತ್ತಾಳೆ.

"ನೌಕಿ ಮಂಗಳಕ್ಕ ಮುಟ್ಟೂದು ಒಂದು ಕೆಲಸ ಸರ್, ಅಲ್ಲಿ ನಿಲ್ಲೂದು ಇನ್ನೊಂದು. ಭಾಳ ಜೋರ ಬಂದಿರತೈತಿ. ಹಿಡೀಲಿಲ್ಲಂದ್ರ ದಾಟಿ ಹೋಗಿಬಿಡತೈತಿ. ಬ್ರೇಕ್ ಹಾಕಾಕ ಇಂಧನ ಸುಡಬೇಕು. ಅಷ್ಟ ಇಂಧನ ಹೊತ್ಕೊಂಡ ಹೋದ್ರ ಭಾರ ಆತು."

"ಹಂಗಾರ?"

"ಮೊದಲ ಸ್ವಲ್ಪ ಇಂಧನ ಸುಟ್ಟು ನೌಕಿನ್ನ ಒಂದು ಉದ್ದನ್ನ ಸುತ್ತಿನ್ಯಾಗ ಬೀಳಸ್ತಾರ. ಆಮ್ಯಾಲ ಪ್ರತಿ ಸುತ್ತಿನ್ಯಾಗ ಒಮ್ಮೆ, ಹಾಲಿನ ಮ್ಯಾಲಿನ ಕೆನಿ ಮುಟ್ಟಿದಂಗ, ಆ ಗ್ರಹದ ಮ್ಯಾಲಿನ ಗಾಳಿ ಮುಟ್ಟಿ ಹೊರಗ ಬರೂದು. ಮುಟ್ಟಿದಾಗೊಮ್ಮೆ ಒಂದೀಟ ವೇಗ ಕಡಿಮಿ. ಸುತ್ತೂ ಸಣ್ಣದಾಕ್ಕೋತ ಬರತೈತಿ. ತಿಂಗಳಗಟ್ಲೆ ಹಿಂಗಽ ಮಾಡಿದ್ರ ಬೇಕಾದ ಕಕ್ಷೆಗೆ ಬಂದು ಕುಂಡ್ರತೈತಿ."

"ಜಾಸ್ತಿ ಒಳಗ ಹೋದ್ರ?"

"ಸುಟ್ಟ ಹೋಗತೈತಿ."

"ದೂರಽ ನಿಂತ್ರ?"

"ಗಾಳಿ ತಾಕೂದಽ ಇಲ್ಲ. ಸುಮ್ನ ಸುತ್ತೂದು."

ಅವಳ ಪೆಟ್ಟಿಗೆಯೊಳಗಿದ್ದದ್ದು ಒಂದು ಬಟ್ಟೆಯ ಕೊಡೆ. ತೆಳುಗಾಳಿಯಲ್ಲಿ ಬಿಚ್ಚಿಕೊಂಡು, ನೌಕೆಯ ಸುತ್ತ ಲಂಗದ ಹಾಗೆ ಹರಡಿ, ಮುಟ್ಟಿದ ಗಾಳಿಯನ್ನೆಲ್ಲ ಬ್ರೇಕು ಮಾಡಿಕೊಳ್ಳುವಂಥದ್ದು. ಮಂಗಳದ ಗಾಳಿಯಷ್ಟೇ ತೆಳುವಾದ ಗಾಳಿ ನಮ್ಮ ಆಕಾಶದಲ್ಲೂ ಬಹಳ ಎತ್ತರದಲ್ಲಿ ಸಿಗುತ್ತದೆ. ಅದಕ್ಕೇ ಬಲೂನು. ಅಲ್ಲಿಂದ ಬೀಳುವಾಗ ಕೊಡೆ ಎಷ್ಟು ಎಳೆಯಿತು, ಎಷ್ಟು ನಡುಗಿತು ಎಂಬುದೆಲ್ಲ ಕಾರ್ಡಿನಲ್ಲಿ ದಾಖಲಾಗಿತ್ತು.

"ಹಂಗಾರ ನಾನೂ ಅದನ್ನಽ ಮಾಡಾಕತ್ತೀನಿ," ಎಂದರು ಆಚಾರ್ಯರು ಗಂಭೀರವಾಗಿ. "ನೇರ ಹೋಗಿ ಕೇಳಿದ್ರ ಆ ಮನಶಾ ಬಾಗಲಾ ಹಾಕ್ಕೋತಾನ. ದೂರ ನಿಂತು ನೋಡಿದ್ರ ಏನೂ ಸಿಗೂದಿಲ್ಲ. ಮುಟ್ಟೂದು, ಹೊರಗ ಬರೂದು. ನಡೀರಿ, ಎರಡನೇ ಸುತ್ತು."

ನೌಕೆ ಸುತ್ತುವುದು ಗ್ರಹವನ್ನು. ಆಚಾರ್ಯರು ಸುತ್ತುತ್ತಿದ್ದದ್ದು ಗೃಹವನ್ನು. ಅಷ್ಟೇ ವ್ಯತ್ಯಾಸ.

"ನನ್ನ ಕನ್ನಡಕ ಇಲ್ಲೇನರ ಬಿಟ್ಟೇನೇನ್ರಿ?" ಎಂದು ಕನ್ನಡಕ ಹಾಕಿಕೊಂಡೇ ಆಚಾರ್ಯರು ಮತ್ತೆ ಅಂಗಳಕ್ಕೆ ಬಂದರು.

ಗೌಸಸಾಬ ಅವರ ಮೂಗಿನ ಮೇಲೆ ಕೂತಿದ್ದ ಕನ್ನಡಕವನ್ನು ನೋಡಿದ. ಮನೆಗೆ ಎರಡನೇ ಸಲ ಬಂದವರನ್ನು ಚಹಾ ಇಲ್ಲದೆ ಕಳಿಸುವುದು ಅವನ ಕೈಲಾಗದ ಮಾತು.

"ಚಾ ತೊಗೊಂಡ ಹೋಗ್ರಿ," ಎಂದು ಉಸಿರಿದ.

ಒಳಗಿನಿಂದ ಅವನ ಹೆಂಡತಿ ಮೋತಿಬಿ ಬಸಿಯಲ್ಲಿ ಚಹಾ ತಂದಳು. ಅವಳದೂ ಪಿಸುಮಾತೇ. ಆಚಾರ್ಯರು ಊದಿ ಊದಿ ಕುಡಿಯುತ್ತ ಕಣ್ಣಾಡಿಸಿದರು.

ದನಕ್ಕೆ ಮೇವು ಹಾಕುವ ಗ್ವಾದಲಿಯ ಬಳಿ ಒಂದು ಎಮ್ಮೆಗರು. ಅದನ್ನು ಕಟ್ಟಿದ್ದ ಹಗ್ಗ ತೆಳು, ನುಣುಪು, ಕಿತ್ತಳೆ ಬಣ್ಣ. ಯಾಸ್ಮೀನ ತೋರಿಸಿದ ಫೋಟೋದಲ್ಲಿ ಬಲೂನಿಗೂ ಪೆಟ್ಟಿಗೆಗೂ ನಡುವೆ ಇದ್ದದ್ದು ಇದೇ ಹಗ್ಗ.

"ಹಗ್ಗ ಛಲೋ ಐತ್ರಿ. ಲಕ್ಷ್ಮೇಶ್ವರ ಸಂತ್ಯಾಗ ತೊಗೊಂಡ್ರೇನು?"

"ಮ್ಯಾಲಿನಾಂವ ಕೊಟ್ಟಾನ್ರಿ."

"ಅಂವಾ ಎಲ್ಲಾರಿಗೂ ಕೊಡ್ತಾನ ಖರೆ. ಕಿತ್ತಳಿ ಬಣ್ಣದ್ದು ಕೊಟ್ಟಿದ್ದು ಇದಽ ಮೊದಲ ನೋಡಿದ್ದು."

"ಚಾ ಆರತೈತಿ. ಕುಡೀರಿ."

ಎತ್ತುಗಳು ಬಾಲ ಬೀಸುತ್ತ ನಿಂತಿದ್ದವು. ಕೊರಳಲ್ಲಿ ಗಂಟೆಗಳಿದ್ದವು. ತಲೆ ಅಲ್ಲಾಡಿಸಿದರೂ ದನಿ ಇಲ್ಲ. ಆಚಾರ್ಯರು ಬಗ್ಗಿ ನೋಡಿದರು. ಒಂದೊಂದು ಗಂಟೆಯೊಳಗೂ ಹಳೇ ಸೀರೆಯ ಚಿಂದಿ ತುರುಕಿತ್ತು.

ಆಮೇಲೆ ಅವರು ಕಿವಿಗೊಟ್ಟದ್ದು ಅಡುಗೆಮನೆಗೆ. ಈ ಹೊತ್ತಿಗೆ ಈ ಸೀಮೆಯ ಯಾವ ಮನೆಯ ಮುಂದೆ ನಿಂತರೂ ರೊಟ್ಟಿ ಬಡಿಯುವ ಪಟಪಟ ಕೇಳಬೇಕು. ಇಲ್ಲಿ ಹಂಚು ಕಾದಿತ್ತು, ಜೋಳದ ಹಿಟ್ಟಿನ ವಾಸನೆ ಬರುತ್ತಿತ್ತು, ಸದ್ದು ಮಾತ್ರ ಇಲ್ಲ. ಬಾಗಿಲ ಸಂದಿಯಲ್ಲಿ ಮೋತಿಬಿಯ ಕೈ ಕಂಡಿತು. ಆಕೆ ಜೋಳದ ರೊಟ್ಟಿಯನ್ನು ಬಡಿಯುತ್ತಿರಲಿಲ್ಲ. ಲಟ್ಟಿಸುತ್ತಿದ್ದಳು.

ಆಚಾರ್ಯರು ಬಸಿ ಕೆಳಗಿಟ್ಟರು. ಕೈಮುಗಿದರು. ಹೊರಟರು.

"ಹಗ್ಗ ಸಿಕ್ತಲ್ಲ ಸರ್! ಪೊಲೀಸರನ್ನ ಕರೀರಿ," ವ್ಯಾನಿನಲ್ಲಿ ವಿಶ್ರುತ ಕುಣಿದ. ತನ್ನ ಮೇಲಿನ ಅನುಮಾನ ಇನ್ನೊಬ್ಬರ ತಲೆಗೆ ದಾಟಿದ ಉಲ್ಲಾಸ ಅದು.

"ಕಳ್ಳ ಆಗಿದ್ರ ಹಗ್ಗ ಮುಚ್ಚಿಡತಿದ್ದ," ಎಂದರು ಆಚಾರ್ಯರು. "ಇಂವಾ ಹಗ್ಗ ಬಯಲಿನ್ಯಾಗ ಕಟ್ಟ್ಯಾನ, ಗಂಟಿ ಮುಚ್ಚ್ಯಾನ. ಇವನಿಗೆ ಕಂಡ್ರ ಭಯ ಇಲ್ಲ, ಕೇಳಿಸಿದ್ರ ಭಯ. ಯಾರಿಗೆ ಕೇಳಿಸಬಾರದು?"

ಮೂವರೂ ಕೆರೆಯ ಕಡೆ ನೋಡಿದರು.

ನೀರಿನ ಮೇಲೆ, ದಂಡೆಯ ಮೇಲೆ, ಕಣ್ಣು ಹೋದಷ್ಟು ದೂರ ಹಕ್ಕಿಗಳು. ಹಿಮಾಲಯ ದಾಟಿ ಬಂದ ಪಟ್ಟೆತಲೆಯ ಹೆಬ್ಬಾತುಗಳು ಕತ್ತು ರೆಕ್ಕೆಯೊಳಗಿಟ್ಟು ಮಧ್ಯಾಹ್ನದ ನಿದ್ದೆಯಲ್ಲಿದ್ದವು.

"ಹಕ್ಕಿಗೋಳ ಸಲುವಾಗಿ!" ಯಾಸ್ಮೀನ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಸರ್, ನನ್ನ ಪೆಟಿಗಿಗೆ ಬಝರ್ ಐತಿ. ಬಿದ್ದಲ್ಲಿ ಹುಡುಕಾಕ ಸಿಗಲಿ ಅಂತ ಇಟ್ಟಿದ್ದು. ವಾರ ಆದ್ರೂ ಕೂಗತೈತಿ. ಅದು ಕೂಗಿದ್ರ..."

"ಹೆಂಗ ಕೂಗತೈತಿ?"

ಅವಳು ಮೊಬೈಲಿನಲ್ಲಿ ಕೇಳಿಸಿದಳು. ಸಣ್ಣ, ಚೂಪಾದ, ಹಲ್ಲು ಜುಮ್ಮೆನ್ನಿಸುವ ಸದ್ದು. ಆಚಾರ್ಯರು ಕಣ್ಣು ಮುಚ್ಚಿ ಕೇಳಿದರು. ಅವರದು ದೇವಸ್ಥಾನದ ಸೇವೆಯ ಮನೆತನ. ಚಿಕ್ಕಂದಿನಲ್ಲಿ ಆರತಿಯ ಹೊತ್ತಿಗೆ ಗರ್ಭಗುಡಿಯಿಂದ ಊರ ಗೌಡರ ದನಿ ತೆಗೆದು ಭಕ್ತರನ್ನೆಲ್ಲ ಎದ್ದು ನಿಲ್ಲಿಸಿ, ಆ ಸೇವೆಯಿಂದ ಶಾಶ್ವತ ರಜೆ ಪಡೆದವರು. ಗದಗಿನಲ್ಲಿ ಅವರು ಅಣಕಿಸದ ದನಿಯಿಲ್ಲ.

"ನೀವಿಬ್ರೂ ಅಂಗಳಕ್ಕ ಹೋಗಿ ಮಾತಾಡ್ಕೋತ ಕುಂಡ್ರಿ. ಪಿಸುಪಿಸು ಅಂತ. ಮೂರನೇ ಸುತ್ತು ನಂದು."

ಯಾಸ್ಮೀನ, ವಿಶ್ರುತ ಹೋಗಿ ಸಲಾಮು ನಮಸ್ಕಾರ ಮುಗಿಸಿ ಹೊರಸಿನ ಮೇಲೆ ಕೂತರು. ಆಚಾರ್ಯರು ಹಿತ್ತಲಿನ ಜೋಳದ ಕಣಕಿ ಬಣವೆಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯನ್ನು ಬಾಯಿಗೆ ಹಿಡಿದು, ಬಣವೆಯ ಆಚೆಗೆ ದಾಟುವಷ್ಟು ಮಾತ್ರ ದನಿ ತೆಗೆದರು.

ಕುಂಯ್. ಕುಂಯ್. ಕುಂಯ್.

ಗೌಸಸಾಬನ ಕೈಯಲ್ಲಿದ್ದ ಬಸಿ ಜಾರಿತು.

"ಮೋತಿಬಿ, ಕೌದಿ!" ಅವನ ಪಿಸುಮಾತಿಗೆ ಈಗ ಚೀರುವಷ್ಟು ಜೋರಿತ್ತು. "ಮತ್ತ ಕೂಗಾಕತ್ತೈತಿ! ಹಕ್ಕಿ ಏಳತಾವ!"

ಒಳಗಿನಿಂದ ಚಿಂದಿ ಹೊಲಿದ ದಪ್ಪ ಕೌದಿ ಹಾರಿ ಬಂತು. ಅದನ್ನು ಎದೆಗವಚಿಕೊಂಡು ಬರಿಗಾಲಲ್ಲಿ ಓಡಿದ ಗೌಸಸಾಬ ಹಿತ್ತಲಿನ ಹಗೇವಿನ ಬಳಿ ನಿಂತ. ನೆಲದೊಳಗೆ ಜೋಳ ತುಂಬಿಡುವ ಹಳೇ ಕಾಲದ ಆಳವಾದ ಗುಂಡಿ ಅದು. ಬಾಯಿಗೆ ಹಾಸುಗಲ್ಲು. ಅವನು ಕಲ್ಲಿನ ಮೇಲೆ ಕೌದಿ ಹಾಸಿದ, ಕೌದಿಯ ಮೇಲೆ ತಾನೇ ಬೋರಲು ಮಲಗಿದ.

ಕುಂಯ್, ಎಂದಿತು ಅವನ ಬೆನ್ನ ಹಿಂದೆ.

ತಿರುಗಿ ನೋಡಿದರೆ ಬಾಯಿಗೆ ಕೈ ಹಿಡಿದ ಆಚಾರ್ಯರು.

ಯಾಸ್ಮೀನ ಓಡಿ ಬಂದು ಕಲ್ಲಿನ ಪಕ್ಕ ಮಂಡಿಯೂರಿದಳು.

"ಚಾಚಾ, ಇದರೊಳಗ ಐತೇನ್ರಿ?"

"ಐತಿ ಬೇಟಾ."

"ಕೊಡ್ರಿ ಚಾಚಾ. ಅದು ನಂದು."

ಗೌಸಸಾಬ ಕಲ್ಲಿನ ಮೇಲೆ ಎದ್ದು ಕೂತ. ಕೆಳಗಿಳಿಯಲಿಲ್ಲ. "ಕೊಡಂಗಿಲ್ಲ. ಮಾತ ಕೊಟ್ಟೇನಿ."

"ಯಾರಿಗೆ?" ಆಚಾರ್ಯರು ಕೇಳಿದರು.

ಗೌಸಸಾಬ ಅವರನ್ನು ಒಂಥರಾ ನೋಡಿದ. ಗಡ್ಡದೊಳಗೇ ನಕ್ಕ. "ಹೇಳಂಗಿಲ್ಲ."

"ಚಾಚಾ, ನಾಳಿ ಮುಂಜಾನೆ ತೋರಸಬೇಕ್ರಿ," ಯಾಸ್ಮೀನಳ ದನಿ ಒಡೆಯಿತು. "ಮೊದಲನೇ ವರ್ಷದಿಂದ ಇದೊಂದಽ ಮಾಡೇನಿ. ಬಟ್ಟಿ ಹೊಲದು, ಹರದು, ಮತ್ತ ಹೊಲದು. ನಾಳಿ ಇದಿಲ್ಲಂದ್ರ ನಾ ಅಲ್ಲಿ ಬರೇ ಬಾಯಿಲೆ ಏನ್ ಹೇಳಲಿ?"

ಆಗ ಯಾರೂ ನಿರೀಕ್ಷಿಸದ ಕಡೆಯಿಂದ ಮಾತು ಬಂತು.

"ಕೊಟ್ಟಬಿಡ್ರಿ ಚಾಚಾ," ಎಂದ ವಿಶ್ರುತ. ನೆಲ ನೋಡುತ್ತಿದ್ದ. "ಆಕೀದು ನಂದಕ್ಕಿಂತ ಛಲೋ ಐತಿ. ಆಕಿ ಬರಲಾರದಕ್ಕ ನಾ ಗೆದ್ದೆ ಅಂದ್ರ ಇಡೀ ಕಾಲೇಜ್ ನಗತೈತಿ. ಸೋತ್ರ ಸೋಲ್ತೀನಿ, ಎದುರಿಗಿದ್ದು ಸೋಲ್ತೀನಿ."

ಯಾಸ್ಮೀನ ಅವನನ್ನು ಮೊದಲ ಸಲ ಕಂಡಂತೆ ನೋಡಿದಳು. "ಮಂಚದ ಬುಡದ ಮಾತು ವಾಪಸ್ ತೊಗೊಂಡೆ," ಎಂದಳು.

"ಇಲಿಗಿ ಹೇಳ್ತೀನಿ."

ತೀರ್ಪು ಕೊಟ್ಟವಳು ಮೋತಿಬಿ. ಹಿಟ್ಟಿನ ಕೈಯಲ್ಲೇ ಬಂದು ನಿಂತು, "ಏಳ್ರಿ ಮ್ಯಾಲ. ಹುಡುಗಿ ಅಳಾಕತ್ತಾಳ, ನೀವು ಕಲ್ಲ ಮ್ಯಾಲ ಕುಂತೀರಿ. ಮಾತ ತೊಗೊಂಡಾಂವ್ಗ ಆಮ್ಯಾಲ ಹೇಳ್ಕೊಂಡ್ರಾತು," ಎಂದಳು. ಗೌಸಸಾಬ ಎದ್ದ.

ಕಲ್ಲು ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಸ್ವಲ್ಪ ಹೊತ್ತು ಕಾದು, ಹಗ್ಗ ಜಗ್ಗಿದರು. ಹೊಟ್ಟು ಮೆತ್ತಿಕೊಂಡ ಒಂದು ಗಂಟು ಮೇಲೆ ಬಂತು. ಒಂದು ಕೌದಿ ಬಿಚ್ಚಿದರೆ ಇನ್ನೊಂದು ಕೌದಿ. ಅದರೊಳಗೆ ಕಂಬಳಿ. ಕಂಬಳಿಯೊಳಗೆ, ಮಳೆಗೆ ಸಿಕ್ಕ ಮಗುವಿನ ಹಾಗೆ ಸುತ್ತಿಟ್ಟ ಪೆಟ್ಟಿಗೆ. ಇಷ್ಟು ಹೊದ್ದುಕೊಂಡು ಇಷ್ಟು ಆಳದಲ್ಲಿ ಮಲಗಿದರೆ ಕೂಗೂ ಕೇಳಿಸದು, ಜಿಪಿಎಸ್ಸೂ ಕಾಣಿಸದು. ಕಂಬಳಿ ತೆಗೆದದ್ದೇ ಅದು ಕುಂಯ್ ಎಂದಿತು. ಯಾಸ್ಮೀನ ಗಡಬಡಿಸಿ ಬಝರಿನ ತಂತಿ ಕಿತ್ತಳು.

ಅಂಗಳದಲ್ಲಿ ಲ್ಯಾಪ್‌ಟಾಪ್ ತೆರೆದಳು. ಕಾರ್ಡು ಹಾಕಿದಳು. ಪರದೆಯ ಮೇಲೆ ಗೆರೆಯೊಂದು ಮೂಡಿತು. ಮೊದಲು ನಡುಗಿ, ಕೊಡೆ ಅರಳಿದಲ್ಲಿ ಒಮ್ಮೆ ಜಿಗಿದು, ಆಮೇಲೆ ನಿಧಾನವಾ...ಗಿ ಇಳಿಯುತ್ತ ಹೋಯಿತು. ಕೊಡೆ ಗಾಳಿ ಹಿಡಿದಿತ್ತು.

ಯಾಸ್ಮೀನ ನಕ್ಕಳೋ ಅತ್ತಳೋ ಹೇಳುವುದು ಕಷ್ಟ. ಎರಡನ್ನೂ ಪಿಸುಮಾತಿನಲ್ಲೇ ಮಾಡಿದಳು.

"ಮುಂದಿನ ಸಲ ಒಂದು ಮಾತ ಹೇಳಿ ಬಿಡ್ರಿ ಬೇಟಾ," ಎಂದ ಗೌಸಸಾಬ. "ಶುಕ್ರವಾರ ಬಿದ್ದದ್ದಽ ಹೊಯ್ಕೊಳ್ಳಾಕ ಹತ್ತು. ಹಕ್ಕಿ ಅರ್ಧಾ ಕೆರಿ ಬಿಟ್ಟು ಎದ್ದುವು. ನನ್ನ ಮಗಳ ಲಗ್ನದಾಗ ಬ್ಯಾಂಡ್‌ನವರನ್ನ ಈ ದಂಡಿ ದಾಟೂತನಕಾ ಸುಮ್ನ ನಡಿಸೇನಿ. ಬೀಗ್ರು ಸಿಟ್ಟಾದ್ರು. ಇಲ್ಲಿ ನಮ್ಮ ಮನೀದು ಅದಽ ರೂಢಿ. ಅಷ್ಟ ದೂರದಿಂದ ಬಂದಿರತಾವು, ಮಲಗಲಿ ಅಂತ."

ಮೋತಿಬಿ ಲಟ್ಟಿಸಿದ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬಂತು. ಆಚಾರ್ಯರು ರೊಟ್ಟಿ ಮುರಿಯುತ್ತ ಬಣವೆಯ ಹಿಂದಿನ ಸಂಗತಿ ಹೇಳಿ, ಇನ್ನೊಮ್ಮೆ ಕುಂಯ್ ಎಂದು ತೋರಿಸಿದರು. ಎಲ್ಲರೂ ನಕ್ಕರು. ಗೌಸಸಾಬ ಟವೆಲ್ಲನ್ನು ಬಾಯಿಗೊತ್ತಿಕೊಂಡು ಹೊಟ್ಟೆ ಹಿಡಿದುಕೊಂಡ.

"ಕೌದಿ ಹಾಸಿ ಮ್ಯಾಲ ನಾನಽ ಮಲಗೇನಲ್ರಿ! ಹಡದಾಕಿ ಹಂಗ!" ಕಣ್ಣೊರೆಸಿಕೊಂಡ. "ಆತ್ರೆಪಾ ಆಚಾರ್ರ, ಈಗರ ಹೇಳ್ರಿ. ನಿಮ್ಮ ಪರೀಕ್ಷಾದಾಗ ನಾ ಪಾಸೋ ಫೇಲೋ?"

"ಯಾವ ಪರೀಕ್ಷಾ?"

"ಮತ್ತ ಶುರು ಮಾಡಿದ್ರಿ ನೋಡು! ಫೋನ್‌ನ್ಯಾಗ ನೀವಽ ಅಂದಿದ್ರೆಲ್ಲ. ಸೋಮವಾರ ಸಂಜಿತನಕಾ ಯಾರಿಗೂ ಕೊಡಬ್ಯಾಡ್ರಿ, ನಾನಽ ಬಂದು ಕೇಳಿದ್ರೂ ಕೊಡಬ್ಯಾಡ್ರಿ, ಪರೀಕ್ಷಾ ಮಾಡಾಕ ಬಂದಿರ್ತೀನಿ ಅಂತ. ಇವತ್ತ ನೀವು ನೀರ ಕೇಳಿದ ಕೂಡಲೇ ದನಿ ಗುರ್ತ ಹಿಡದ್ನಿ. ಕನ್ನಡಕ ಹಾಕ್ಕೊಂಡು ಕನ್ನಡಕ ಹುಡುಕಾಕ ಬಂದಾಗಂತೂ ಪಕ್ಕಾ ಆತು."

ಆಚಾರ್ಯರ ಕೈಯಲ್ಲಿನ ರೊಟ್ಟಿ ಅಲ್ಲೇ ನಿಂತಿತು. "ನಾ ನಿಮಗ ಫೋನ್ ಮಾಡಿಲ್ಲ, ಗೌಸಸಾಬ್ರ."

"ನೀವು ಮಾಡಿಲ್ಲ, ನಾ ಮಾಡಿದ್ನಿ. ಪೆಟಿಗಿ ಮ್ಯಾಲ ಚೀಟಿ ಇತ್ತು, ಸಿಕ್ಕವರು ಈ ನಂಬರಿಗೆ ಹೇಳ್ರಿ ಅಂತ. ಮೊನ್ನೆ ಫೋನ್ ಹಚ್ಚಿದ್ನಿ. ನೀವಽ ಎತ್ತಿದ್ರಿ."

ಯಾಸ್ಮೀನ ಪೆಟ್ಟಿಗೆಯನ್ನು ಮಗುಚಿದಳು. ಅಡಿಯಲ್ಲಿ ಅಂಟಿಸಿದ ಚೀಟಿ ಇತ್ತು.

"ಸರ್, ನಾ ಅಂಟಿಸಿದ್ದು ಬ್ಯಾರೆ. ಈ ನಂಬರ್ ನಂದಲ್ಲ."

"ಬಲೂನ್ ಬಿಡೂ ಮುಂಚೆ ಯಾರೋ ಬದಲಾಯ್ಸ್ಯಾರ," ಎಂದ ವಿಶ್ರುತ. ಅಂದ ಕೂಡಲೇ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ಗೊತ್ತಾಗಿ, ತನ್ನ ಮೊಬೈಲನ್ನು ತೆಗೆದು ಅಂಗಳದ ನಡುವೆ ಇಟ್ಟು, ಎರಡೂ ಕೈ ಮೇಲೆತ್ತಿ ಕೂತ.

ಆಚಾರ್ಯರು ಗೌಸಸಾಬನ ಫೋನು ಇಸಿದುಕೊಂಡರು. ಅದೇ ನಂಬರು ಒತ್ತಿ, ದನಿ ಎಲ್ಲರಿಗೂ ಕೇಳುವಂತೆ ಮಾಡಿ ಹೊರಸಿನ ಮೇಲಿಟ್ಟರು. ವಿಶ್ರುತನ ಮೊಬೈಲು ಮಿಸುಕಲಿಲ್ಲ. ಎಲ್ಲೋ ದೂರದಲ್ಲಿ ರಿಂಗಾಯಿತು. ಯಾರೋ ಎತ್ತಿದರು.

"ಹಲೋ, ಪತ್ತೇದಾರ ಪ್ರಹ್ಲಾದಾಚಾರ್ಯ ಮಾತಾಡಾಕತ್ತೀನಿ. ಹೇಳ್ರಿ ಗೌಸಸಾಬ್ರ, ಪೆಟಿಗಿ ಕೇಳಾಕ ಯಾರರ ಬಂದಾರೇನು?"

ಅದೇ ದನಿ, ಅದೇ ಎಳೆತ. ಪ್ರಹ್ಲಾದಾಚಾರ್ಯರ ಹಡೆದ ತಾಯಿಗೂ ಭೇದ ತಿಳಿಯದು. ಯಾಸ್ಮೀನ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡಳು. ಆಚಾರ್ಯರ ತುಟಿ ಹೊಲಿದಂತೆ ಮುಚ್ಚಿತ್ತು.

ಗೌಸಸಾಬ ಒಮ್ಮೆ ಫೋನು ನೋಡಿದ, ಒಮ್ಮೆ ಆ ಮುಚ್ಚಿದ ಬಾಯಿ ನೋಡಿದ. ಟವೆಲ್ಲು ಕೆಳಗೆ ಬಿತ್ತು.

"ಬಾಯಿ ತೆರೀದಽ ಮಾತಾಡ್ತಾರ! ಯಪ್ಪಾ, ಮೋತಿಬಿ, ಬಂದ ನೋಡಿಲ್ಲೆ, ಆಚಾರ್ರು ಹೊಟ್ಟಿಲೆ ಮಾತಾಡಾಕತ್ತಾರ!" ಎಂದು ಹೊರಸಿನ ಮೇಲೆ ಉರುಳಿ, ಕಾಲು ಬಡಿದು, ಅಂಗಳವೆಲ್ಲ ತುಂಬುವ ಹಾಗೆ ನಗತೊಡಗಿದ.

ಅವನ ನಗೆ ನಿಲ್ಲಲೆಂದು ಫೋನಿನೊಳಗಿನ ಪ್ರಹ್ಲಾದಾಚಾರ್ಯರು ತಾಳ್ಮೆಯಿಂದ ಕಾದರು.